ಕೂತು ನೋಡಬೇಕಿದ್ದ ಬೆಟ್ಟ

ಮೇಜಿನ ಮೇಲೆ ಓಡುವ ಆಟಿಕೆ ರೈಲಿನ ಹಿಂದಿನ ಗೋಡೆಗೆ ತಮ್ಮ ಬೆಟ್ಟಸಾಲು ಬರೆದಿದ್ದ. "ತೀರಾ ತಗ್ಗಾಯ್ತು," ಅಂತ ಅಣ್ಣ ಮೂಗು ಮುರಿದ.

"ನಿಂತು ನೋಡಿದ್ರೆ ಹಾಗೇ ಕಾಣೋದು. ಒಂದ್ಸಲ ಈ ಸ್ಟೂಲ್ ಮೇಲೆ ಕೂತು ನೋಡು."

ತಮ್ಮ ಹೇಳಿದ ಅಂತ ಕೂತರೆ ಅಣ್ಣನ ದೊಡ್ಡಸ್ತಿಕೆ ಏನಾಗಬೇಕು? ಅಣ್ಣ ತಂತಿ ಹೊಸೆದು, ಹಸಿರು ಸ್ಪಂಜಿನ ಚೂರು ಮೆತ್ತಿ, ನೂರಾರು ಮರ ಮಾಡಿ ಬೆಟ್ಟ ಮರೆಯಾಗುವಂತೆ ಅದರ ಮುಂದೆ ನೆಟ್ಟುಬಿಟ್ಟ. ತಮ್ಮ ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ.

ಎಷ್ಟೋ ಕಾಲ ಕಳೆಯಿತು. ತಮ್ಮ ತೀರಿಕೊಂಡೇ ವರ್ಷವಾಯಿತು. ಈಗ ಮಂಡಿನೋವು ಅಣ್ಣನನ್ನು ಅದೇ ಸ್ಟೂಲಿನ ಮೇಲೆ ಕೂರಿಸಿತ್ತು. ಮರಗಳ ಸಂದಿಯಲ್ಲಿ ಇಣುಕಿದ. ಬೆಟ್ಟ ಸರಿಯಾಗಿ ಕಣ್ಣಿನ ಮಟ್ಟಕ್ಕಿತ್ತು. ರೈಲು ಅದರ ಬುಡಕ್ಕೇ ಹೋಗುವಂತೆ ಕಾಣುತ್ತಿತ್ತು.

ಒಂದು ಮರ ಹಿಡಿದು ಎಳೆದ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ತಮ್ಮ ಕೀಳದಿರಲಿ ಅಂತ ಅವತ್ತು ಅಂಟನ್ನು ದುಪ್ಪಟ್ಟು ಸುರಿದವನು ಅವನೇ.