ಅಪ್ಪನ ರೆಪ್ಪೆ

ಇದು ಕಣ್ಣಿನ ಕಥೆ, ಕಣ್ಣಾರೆ ಕಂಡದ್ದು. ಹಾಗಾಗಿ ನೀವು ಕಣ್ಣು ಮುಚ್ಚಿ ನಂಬಬಹುದು. ನಮ್ಮ ಅಕ್ಕ ಭಾಗ್ಯಾಗೆ ಮಾತ್ರ ಆಪರೇಷನ್ ಆದ ಹೊಸತರಲ್ಲಿ ಕಣ್ಣು ಪೂರ್ತಿ ಮುಚ್ಚಲಿಕ್ಕೂ ಬರುತ್ತಿರಲಿಲ್ಲ, ಪೂರ್ತಿ ತೆರೆಯಲಿಕ್ಕೂ ಬರುತ್ತಿರಲಿಲ್ಲ.

ಅಕ್ಕ ಗಲಗಲಿಯ ಸಾಲಿಯಲ್ಲಿ ಟೀಚರ್. ಅವಳ ಮೇಲಿನ ರೆಪ್ಪೆಗಳ ಚರ್ಮ ಸಡಿಲಾಗಿ ಕಣ್ಣಿನ ಮೇಲೆ ಇಳಿಬಿದ್ದಿತ್ತು, ಥೇಟ್ ನಮ್ಮಪ್ಪ ಜಕ್ಕಪ್ಪನ ಹಾಗೆ. ಅಪ್ಪ ತೀರಿಹೋದ ಮೇಲೆ ಯಾರು ಸಿಕ್ಕರೂ ಇನ್ನೂ ಅಳ್ತೀರೇನ್ರಿ ಟೀಚರ್ ಅಂತ ಕೇಳುವವರೇ. ಅಳದ ದಿನವೂ ಅತ್ತವಳ ಮುಖ ಹೊತ್ತು ತಿರುಗಿ ಅವಳಿಗೆ ಸಾಕಾಗಿತ್ತು. ಜಮಖಂಡಿಯ ಡಾಕ್ಟರು ಪರೀಕ್ಷೆ ಮಾಡಿ, ದೃಷ್ಟಿಗೇನೂ ಅಡ್ಡಿಯಿಲ್ಲ, ಇದು ಚಂದಕ್ಕೆ ಮಾಡಿಸಿಕೊಳ್ಳುವ ಆಪರೇಷನ್ನು, ವಿಚಾರ ಮಾಡಿ ಬರ್ರಿ ಅಂದರು. ಅಕ್ಕ ವಿಚಾರ ಮಾಡಿಯೇ ಹೋಗಿದ್ದಳು.

ನಮ್ಮವ್ವ ಹಣಮವ್ವ ಒಂದೇ ಮಾತು ಹೇಳಿದಳು. "ನಿಮ್ಮಪ್ಪನ ಕಣ್ಣು ಉಳದದ್ದು ನಿನ್ನ ಮಾರಿ ಮ್ಯಾಲಷ್ಟ. ಅದನ್ನೂ ಕೊಯ್ಸಾಕ ಹೊಂಟೀಯೇನ?"

ಆಮೇಲೆ ಮಾತು ಬಿಟ್ಟಳು. ರೊಟ್ಟಿ ಬಡಿದು ಇಡುತ್ತಿದ್ದಳು, ಮಗಳ ಮಾರಿ ನೋಡುತ್ತಿರಲಿಲ್ಲ.

ಅಕ್ಕ ಮಾಡಿಸಿಕೊಂಡೇ ಬಿಟ್ಟಳು. ಈ ಆಪರೇಷನ್ನಿನಲ್ಲಿ ಎಚ್ಚರವೇ ಇರುತ್ತದೆ. ರೆಪ್ಪೆಗೆ ಸೂಜಿ ಚುಚ್ಚಿ ಮರಗಟ್ಟಿಸುತ್ತಾರೆ. ಎಳೆದದ್ದು ತಿಳಿಯುತ್ತದೆ, ನೋಯುವುದಿಲ್ಲ. ರೆಪ್ಪೆ ಮಡಚುವ ಗೆರೆಯಲ್ಲೇ ಹೊಲಿಗೆ ಕೂತು, ಕಲೆ ಮುಂದೆ ಅಲ್ಲೇ ಅಡಗುತ್ತದೆ. ನೋವಿಗಿಂತ ಮೊದಲ ಸಲ ಕನ್ನಡಿ ನೋಡುವುದೇ ಕಷ್ಟ ಅಂತ ಡಾಕ್ಟರು ಎಚ್ಚರಿಸಿದ್ದರು. ಖರೆ ಆತು. ಮರುದಿನ ರೆಪ್ಪೆಗಳು ನೇರಳೆ ಹಣ್ಣಿನಂತೆ ಊದಿದ್ದವು, ಅದೂ ಒಂದು ಹೆಚ್ಚು, ಒಂದು ಕಮ್ಮಿ. ದಿಂಬು ಎತ್ತರಿಸಿ ಮಲಗಬೇಕು, ತಣ್ಣನೆ ಬಟ್ಟೆ ಇಡಬೇಕು, ಬಗ್ಗಬಾರದು, ಉಜ್ಜಬಾರದು. ಬಾವು ಪೂರ್ತಿ ಇಳಿಯಲು ವಾರಗಳೇ ಬೇಕು. ಅಕ್ಕ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು. ಅವ್ವ ಹೇಳಿದ್ದೇ ಖರೆಯೇನೋ ಮುತ್ತಣ್ಣ ಅಂತ ನನ್ನನ್ನು ಕೇಳಿದಳು. ಕಂಡಕ್ಟರನಿಂದ ಹೆಡ್‌ಮಾಸ್ತರರ ತನಕ ಎಲ್ಲರ ದನಿ ತೆಗೆಯುವ ನಾನು, ಸ್ವಂತ ದನಿ ಬಿಟ್ಟು ಹೆಡ್‌ಮಾಸ್ತರರ ದನಿಯಲ್ಲಿ, ಸುಮ್ನ ಮಲಕೋರಿ ಟೀಚರ್ ಅಂದೆ.

ದವಾಖಾನೆಯಿಂದ ಬಂದವರ ಹಣೆಗೆ ಮನೆದೇವರು ಬೀರಪ್ಪನ ಭಂಡಾರ ಹಚ್ಚುವುದು ನಮ್ಮ ಮನೆಯ ರೂಢಿ. ಚಿಟಿಕೆಯಲ್ಲ, ಮುಷ್ಟಿ ತುಂಬ ಅರಿಷಿಣದ ಪುಡಿ ತೂರಿಯೇ ಹಚ್ಚುವುದು. ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಸಿಟ್ಟಿನಲ್ಲೂ ರೂಢಿ ಬಿಡದ ಅವ್ವ ಭಂಡಾರದ ಬಟ್ಟಲು ಹಿಡಿದು ಅಕ್ಕನ ಕೋಣೆಗೆ ನಡೆದಳು. ದೇವರ ವಿಷಯದಲ್ಲಿ ನನ್ನ ಮಾತು ನಡೆಯುವುದಿಲ್ಲ, ಡಾಕ್ಟರ ಮಾತು ನಡೆದೀತು. ಪಡಸಾಲಿಗೆ ಓಡಿ ನನ್ನ ಫೋನಿನಿಂದ ಅವ್ವನ ಫೋನಿಗೆ ಕರೆ ಹಚ್ಚಿದೆ. ಅವ್ವನಿಗೆ ಹೆಸರು ಓದಲು ಬಾರದು; ಹಸಿರು ಒತ್ತಿ, ಸ್ಪೀಕರ್ ಒತ್ತಿದಳು.

ಮೂಗಿನಲ್ಲಿ ಮಾತಾಡಿ, ಮಾತಿಗೊಮ್ಮೆ ಮರಾಠಿ ಸೇರಿಸುವ ಡಾಕ್ಟರ ದನಿ ತೆಗೆದೆ. "ಅಜ್ಜಿ, ಕಣ್ಣಿನ ಹತ್ರ ಪುಡಿಗಿಡಿ ಏನೂ ತರಬ್ಯಾಡ್ರಿ, ಬರಂ ಕಾ, ತಿಳೀತಿಲ್ಲೋ?"

ಡಾಕ್ಟರೆಂದು ಅವ್ವ ಸೆರಗು ತಲೆ ಮೇಲೆ ಎಳೆದುಕೊಂಡದ್ದು ಬಾಗಿಲ ಸಂದಿಯಲ್ಲಿ ಕಂಡಿತು. ಬಟ್ಟಲು ಕೆಳಗಿಟ್ಟ ಸಪ್ಪಳ ಕೇಳಿತು. ಕೆಲಸ ಆತು ಅಂದುಕೊಂಡೆ. ಆದರೆ ಅವಳು ಫೋನ್ ಇಡಲಿಲ್ಲ.

"ಡಾಕ್ಟರ," ದನಿ ತಗ್ಗಿಸಿ ಕೇಳಿದಳು, "ನಮ್ಮನಿಯವರ ಕಣ್ಣು ಪೂರಾ ತಗದ ಬಿಟ್ರೇನ್ರಿ?"

ಅಕ್ಕನಿಗೆ ಡಾಕ್ಟರು ಹೇಳಿದ್ದನ್ನೇ ಹೇಳಿದೆ: ಜೋತುಬಿದ್ದ ಚರ್ಮವಷ್ಟೇ ಹೋಗಿದೆ, ಕಣ್ಣು ಮುಟ್ಟಿಲ್ಲ, ನೋಟ ಮುಟ್ಟಿಲ್ಲ, ಬಾವು ಇಳಿಯಲಿ ತಡೀರಿ. ಹೇಳುತ್ತ ಹೇಳುತ್ತ ಮೂಗಿನ ದನಿ ಎಲ್ಲೋ ಜಾರಿತು. ಕೊನೆಯಲ್ಲಿ ಅವ್ವಾ ಅಂದದ್ದು ನಾನೇ.

ಫೋನಿನಲ್ಲಿ ಕೇಳಿದ ದನಿಯೇ ಬಾಗಿಲಾಚೆಯಿಂದಲೂ ಕೇಳಿತು. ಅವ್ವ ಫೋನ್ ಕೆಳಗಿಳಿಸಿ ಬಾಗಿಲತ್ತ ತಿರುಗಿದಳು, ಗುಟ್ಟು ರಟ್ಟಾಗಿತ್ತು. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಅಕ್ಕ ತುಟಿ ಕಚ್ಚಿದಳು, ಹೆಗಲು ಮಾತ್ರ ಕುಣಿಯುತ್ತಿದ್ದವು. ಅವ್ವ ಮೊದಲ ಬಾರಿ ಮಗಳ ಮಾರಿ ನೋಡಿದಳು, ಹತ್ತಿರ ಹೋಗಿ, ಬಹಳ ಹೊತ್ತು.

"ಏ ಮುತ್ತಣ್ಣಾ, ಇಲ್ಲಿ ನೋಡ್ ಬಾರಲೇ. ನಗು ತಡಕೊಳ್ಳಾಕ ಹೋಗಿ ಹಿಂಗ ಒಂದ ಕಣ್ಣ ಸಣ್ಣ ಮಾಡ್ತಿದ್ರು ನಿಮ್ಮಪ್ಪ."

ಅಷ್ಟು ಹೇಳಿ ನಗತೊಡಗಿದಳು. ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಅಕ್ಕ ಸಾಕು ಬೇ ಅವ್ವಾ, ಸಾಕು ಬೇ ಅನ್ನುತ್ತಿದ್ದಳು. ಅವ್ವನ ನಗು ಓಣಿಗೆಲ್ಲ ಕೇಳುತ್ತಿತ್ತು.