ಬೆಂಚಿನ ಮೇಲೆ ಕೂರಿಸಲ್ಪಟ್ಟ ಹುಡುಗಿ

ಹೊಸ ಪುಸ್ತಕದ ಅಂಟಿನ ವಾಸನೆ, ನಲವತ್ತು ಪುಸ್ತಕ ಒಟ್ಟಿಗೆ ತೆರೆದರೆ ತರಗತಿಗೆ ತರಗತಿಯೇ ಅಂಟಂಟು, ಹಾಳೆಗೆ ಮೂಗು ತಾಗಿಸಿ ಕೂತವಳೇ, ಮೂಗು ತೆಗೆ, ಪುಟ ಅರವತ್ತೆರಡು ತೆಗೀರಿ ಎಲ್ಲರೂ, ಪ್ಯಾಸಿವ್ ಕೊಟ್ಟಿದ್ದಾರೆ, ಆಕ್ಟಿವ್ ಮಾಡಬೇಕು, ನಿನ್ನೆ ಹೇಳಿಕೊಟ್ಟಿದ್ದೆನಲ್ಲ, ವಾಕ್ಯದ ಬಾಲದಲ್ಲಿ ಬೈ ಅನ್ನೋ ಪದ ಹಿಡಿದು ಅಡಗಿ ಕೂತವನನ್ನು ಕಿವಿ ಹಿಂಡಿ ಎಬ್ಬಿಸಿ ಮುಂದೆ ತಂದು ನಿಲ್ಲಿಸುವುದು, ಅಷ್ಟೇ ಲೆಕ್ಕ — ಮಕ್ಕಳು ನಗುತ್ತಾರೆ, ನನಗೂ ಇವತ್ತು ಖುಷಿ, ಅಕ್ಕ ಬರೆದ ವ್ಯಾಕರಣ ಪುಸ್ತಕ ಇದು, ಒಡಹುಟ್ಟಿದ ಅಕ್ಕನಲ್ಲ, ಹನ್ನೊಂದು ವರ್ಷ ಪಕ್ಕದ ಮೇಜಿನಲ್ಲಿ ಕೂತು ಪಾಠ ಹೇಳಿ ಅಕ್ಕನಾದವಳು, ಹೋದ ವರ್ಷ ದೊಡ್ಡ ಶಾಲೆಗೆ ಹೋದಳು, ಬೆಳಿಗ್ಗೆ ಕಟ್ಟು ಬಿಚ್ಚಿದಾಗ ಜವಾನನಿಗೂ ತೋರಿಸಿದೆ, ನೋಡಿ, ನಮ್ಮಕ್ಕನ ಪುಸ್ತಕ. ಮೊದಲನೇ ವಾಕ್ಯ ಯಾರು ಓದ್ತೀರಿ, ನೀನು, ಗಟ್ಟಿಯಾಗಿ, ದಿ ಗರ್ಲ್ ವಾಸ್ ಟೋಲ್ಡ್ ಟು ಸಿಟ್ ಆನ್ ದಿ ಬೆಂಚ್, ಹುಡುಗಿಗೆ ಬೆಂಚಿನ ಮೇಲೆ ಕೂರಲು ಹೇಳಲಾಯಿತು, ಸರಿ, ಎರಡನೇದು, ಶಿ ವಾಸ್ ಗಿವನ್ ಎ ಟಿನ್ ಆಫ್ ಬಟನ್ಸ್ ಬೈ ದಿ ಟೇಲರ್ — ಗುಂಡಿಯ ಡಬ್ಬಿ, ಸೀಮೆಸುಣ್ಣ ಬೋರ್ಡಿನ ಮೇಲೆ ನಿಂತಿತು, ದರ್ಜಿ ಕೊಟ್ಟ ಗುಂಡಿಯ ಡಬ್ಬಿ, ಮೂರನೇದನ್ನು ಯಾರೂ ಓದುವ ಮೊದಲೇ ಕಣ್ಣು ಓದಿತು, ಕೆಂಪು ಗುಂಡಿಗಳನ್ನು ಆರಿಸಲಾಯಿತು, ನಾಲ್ಕು, ಅಂಗಡಿಯ ಬಾಗಿಲು ಮುಚ್ಚಲಾಯಿತು, ಐದು, ಹುಡುಗಿಯನ್ನು ಅಲ್ಲೇ ಬಿಡಲಾಯಿತು.

ಬರೀರಿ, ಐದೂ ಬರೀರಿ, ಮಾತಾಡಬೇಡಿ ಅಂದು ಹೊರಗೆ ಬಂದೆ, ಗೋಡೆ ತಣ್ಣಗಿದೆ, ಬೆನ್ನು ಆನಿಸಿ ನಿಂತೆ, ಅಕ್ಕ ಒಬ್ಬಳಿಗೇ ಹೇಳಿದ್ದು ನಾನು, ಗಂಡನಿಗೂ ಹೇಳಿಲ್ಲ, ಪರೀಕ್ಷೆಯ ಪತ್ರಿಕೆ ತಿದ್ದಲು ಹೋದ ಆ ಕಟ್ಟಡದ ಮೆಟ್ಟಿಲ ಮೇಲೆ, ಊಟದ ಡಬ್ಬಿ ತೊಡೆಯ ಮೇಲಿತ್ತು, ಯಾಕೆ ಕಣೇ ನಿನ್ನ ಬಾಯಲ್ಲಿ ಅಮ್ಮನ ಸುದ್ದಿ ಒಂದು ದಿನವೂ ಬರಲ್ಲ ಅಂತ ಕೇಳಿದಳು, ಆಗ ಕಟ್ಟೆ ಒಡೆದಂತೆ ಹೇಳಿಬಿಟ್ಟೆ, ಐದು ವರ್ಷದವಳು ನಾನು, ದರ್ಜಿ ಅಂಗಡಿಯ ಬೆಂಚು, ಇಲ್ಲೇ ಕೂತಿರು ಪುಟ್ಟಿ, ಈಗ ಬಂದೆ ಅಂದ ಅಮ್ಮ ಬರಲೇ ಇಲ್ಲ, ಗುಂಡಿ ಆರಿಸುತ್ತಾ ಆರಿಸುತ್ತಾ ಸಂಜೆಯಾಯಿತು, ದರ್ಜಿ ಯಾರ್ಯಾರನ್ನೋ ಕೇಳಿ ದೊಡ್ಡಮ್ಮನಿಗೆ ಹೇಳಿಕಳಿಸಿದ, ದೊಡ್ಡಮ್ಮ ಬಂದು ಸೊಂಟದ ಮೇಲೆ ಎತ್ತಿಕೊಂಡಳು, ಆಮೇಲೆ ಎಷ್ಟು ಕೇಳಿದರೂ ಒಂದೇ ಮಾತು, ಹಾಗಾಗೋಯ್ತು ಬಿಡು ಮಗಾ, ಹಾಗಾಗೋಯ್ತು, ಮಾಡಿದವರೇ ಇಲ್ಲ, ಆಯಿತು ಅಷ್ಟೇ, ದೊಡ್ಡಮ್ಮನಿಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ, ಆದರೂ ಕರ್ತೃವನ್ನು ಎಷ್ಟು ಚೆನ್ನಾಗಿ ಬಚ್ಚಿಟ್ಟಳು. ಅಕ್ಕ ಕೈ ಹಿಡಿದುಕೊಂಡು ಅತ್ತಿದ್ದಳು ಅವತ್ತು, ನಿಜವಾಗಿ ಅತ್ತಳು, ಮೂಗು ಕೆಂಪಾಗಿತ್ತು — ಫೋನು ಹೋಗುತ್ತಿದೆ, ಎತ್ತಿದಳು, ಪುಸ್ತಕ ಬಂತಾ, ಅಕ್ಷರ ದೊಡ್ಡದಾಗಿ ಚೆನ್ನಾಗಿ ಬಂದಿದೆ ಅಲ್ವಾ ಕಣೇ. ಅಕ್ಕಾ, ಅರವತ್ತೆರಡನೇ ಪುಟ. ಓ ಅದಾ, ಐದು ವಾಕ್ಯ ಸೇರಿದರೆ ಒಂದು ಕತೆ ಆಗಬೇಕು ಅಂದ್ರು, ಪ್ರೆಸ್ಸಿನವನು ತಲೆ ಮೇಲೆ ಕೂತಿದ್ದ, ತಟ್ಟನೆ ಹೊಳೀತು. ಹೊಳೀತಾ, ಅಂದೆ. ಯಾರಿಗೆ ಗೊತ್ತಾಗುತ್ತೆ ಹೇಳು, ನಿನ್ನ ಹೆಸರಿಲ್ಲ, ನಿಮ್ಮಮ್ಮನ್ನ ತಂದೇ ಇಲ್ಲ ನಾನು, ಹಿಂದೆ ಉತ್ತರದಲ್ಲಿ ಸಮ್‌ವನ್ ಅಂತ ಹಾಕಿದ್ದೀನಿ ನೋಡು. ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅಕ್ಕ. ಕೇಳಿದ್ರೆ ಬೇಡ ಅಂತಿದ್ದೆ ನೀನು, ಅಂದಳು, ತರಕಾರಿ ಬೆಲೆ ಹೇಳಿದಷ್ಟು ಸಲೀಸಾಗಿ. ಹೌದು, ಬೇಡ ಅಂತಿದ್ದೆ, ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಕೇಳಲಿಲ್ಲ, ಫೋನು ನಾನೇ ಇಟ್ಟೆ.

ಒಳಗೆ ಗಲಾಟೆ, ಬಾಗಿಲಲ್ಲಿ ನನ್ನನ್ನು ಕಂಡು ಗಪ್‌ಚುಪ್, ಸೆರಗಿಗೆಲ್ಲ ಸುಣ್ಣ ಮೆತ್ತಿದೆ, ಐದನೇದು ಹೇಳಿ, ಸಮ್‌ವನ್ ಲೆಫ್ಟ್ ದಿ ಗರ್ಲ್ ದೇರ್ ಅಂತ ಒಂದೇ ರಾಗ, ಪುಸ್ತಕದ ಹಿಂದೆ ನೋಡಿಕೊಂಡಿದ್ದಾರೆ ಕಳ್ಳರು, ಯಾರೋ ಬಿಟ್ಟರು, ಯಾರೋ, ಇನ್ನೊಂದು ಸಲ ಹೇಳಲಾ ಮಿಸ್, ಬೇಡ, ಆಗ ಕೊನೆಯ ಬೆಂಚಿನಿಂದ ಒಬ್ಬಳು ಎದ್ದಳು, ಯಾವತ್ತೂ ಬಾಯಿ ಬಿಡದವಳು, ನಾನು ಬೇರೆ ಬರೆದಿದ್ದೀನಿ ಮಿಸ್, ಹರ್ ಮದರ್ ಲೆಫ್ಟ್ ಹರ್ ದೇರ್. ತಪ್ಪು ಮಿಸ್, ಮದರ್ ಅಂತ ಎಲ್ಲೂ ಇಲ್ಲ, ಅವಳೇ ಸೇರಿಸಿದಾಳೆ, ಇಡೀ ಕ್ಲಾಸು ನಕ್ಕಿತು, ಹುಡುಗಿ ಕೂರಲಿಲ್ಲ, ಯಾರೋ ಹೇಳಿದ್ರೆ ಅವಳು ಅಷ್ಟು ಹೊತ್ತು ಕೂರ್ತಾ ಇರ್ಲಿಲ್ಲ ಮಿಸ್, ಅಂದಳು. ಸರಿ, ಅಂದೆ, ಸರಿ ಉತ್ತರ, ಎಲ್ಲರೂ ಹೊಡೆದುಹಾಕಿ ಹಾಗೇ ಬರೆದುಕೊಳ್ಳಿ, ಬೋರ್ಡಿಗೆ ತಿರುಗಿ ನಾನೇ ಬರೆಯತೊಡಗಿದೆ, ಹರ್ ಮದರ್, ದೊಡ್ಡ ಅಕ್ಷರದಲ್ಲಿ, ಎಮ್‌ವರೆಗೆ ಬಂದೆ, ಮಕ್ಕಳ ಪೆನ್ನುಗಳು ಪರಪರ ಅನ್ನುತ್ತಿವೆ, ಅಕ್ಕನಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ, ನನ್ನನ್ನು ಬೆಂಚಿನ ಮೇಲೆ ಬಿಟ್ಟು ಹೋಗುವಾಗ, ತಿರುವಿನ ಹತ್ತಿರ, ಸೈಕಲ್ ರಿಪೇರಿಯವನ ಅಂಗಡಿ ದಾಟಿ, ಅಮ್ಮ ನಿಂತಳು, ನಾನು ಕೈ ಎತ್ತಿದೆ, ಬೇಗ ಬಾ ಅಂತ, ಅವಳು ತಿರುಗಿದಳು, ಎಮ್ ಆದಮೇಲೆ ಏನು ಮಿಸ್, ಬರೆಯುತ್ತೇನೆ ಇರಿ, ತಿರುಗಿದಳು, ನನ್ನ ಎತ್ತಿದ ಕೈಯನ್ನು ನೋಡಿದಳು, ಮಿಸ್, ತಿರುಗಿ ನೋಡಿದಳು, ಅಮ್ಮ ನೋಡಿದಳು —