ಎದುರು ಕೂತು ಸುತ್ತಿದ ಸ್ಪ್ರಿಂಗು

ಗ್ರಾಮಫೋನಿನ ಸ್ಪ್ರಿಂಗೊಂದಕ್ಕೇ ರಿಪೇರಿ ಅಂಗಡಿಯ ಎರಡು ತಿಂಗಳ ಬಾಡಿಗೆಯಷ್ಟು ಬಿತ್ತು. ಗ್ರೀಸು, ಸೀಮೆಎಣ್ಣೆ, ತರಿಸಿದ ಖರ್ಚು ಸೇರಿ ಇನ್ನರ್ಧ ತಿಂಗಳದ್ದು. ಆ ಅಗಲದ ಸ್ಪ್ರಿಂಗನ್ನು ಈಗ ಯಾರೂ ಮಾಡುವುದಿಲ್ಲ. ದೂರದೂರಿನ ಹಳೇ ಸಾಮಾನಿನ ವ್ಯಾಪಾರಿಯ ಹತ್ತಿರ ಉಳಿದಿದ್ದುದೇ ಇದೊಂದು. ಕೂಲಿಯ ಮಾತು ಬಿಡಿ, ಕೂಲಿ ಕೇಳಬೇಕಾದ ಕೈಯೇ ಮಲಗಿಬಿಟ್ಟಿತ್ತು.

ಮೆಕ್ಯಾನಿಕ್ಕಿಗೆ ಲಕ್ವ ಹೊಡೆದು ಬಲಗೈಯೂ ಮಾತೂ ಒಟ್ಟಿಗೆ ಹೋಗಿದ್ದವು. ಉಳಿದದ್ದು ಎಡಗೈ, ಜೊತೆಗೆ ‘ಹೂಂ’ ಎಂಬ ಒಂದು ಸದ್ದು. ಬೇಕು ಅಂದರೂ ಹೂಂ, ಬೇಡ ಅಂದರೂ ಹೂಂ. ಜನ್ಮದಲ್ಲಿ ನನ್ನ ಮಾತಿಗೆ ಒಂದು ಹೂಂ ಅನ್ನದವರು ಈಗ ಎಲ್ಲದಕ್ಕೂ ಹೂಂ ಅಂತಾರೆ ಎಂದು ಹೆಂಡತಿ ನೆರೆಯವರ ಮುಂದೆ ನಗುತ್ತಿದ್ದಳು. ಒಳಗೆ ಬಂದು ಕದ ಹಾಕಿಕೊಂಡ ಮೇಲೆ ನಗುತ್ತಿರಲಿಲ್ಲ.

ಅಂಗಡಿ ಮುಚ್ಚಿ ಸಾಮಾನು ಮಾರಿಬಿಡುವುದೇ ಒಳ್ಳೆಯದು ಎಂದು ಮೈದುನ ಹೇಳಿದ. ಕೊಳ್ಳುವವನನ್ನೂ ಗೊತ್ತು ಮಾಡಿದ್ದ.

“ಅತ್ತಿಗೆ, ಅಣ್ಣನ ಕೈ ಹೋಯ್ತು. ಇನ್ನು ಅಂಗಡಿ ಇಟ್ಕೊಂಡು ಏನ್ಮಾಡ್ತೀರಿ?”

“ನನಗೆ ಎರಡು ಕೈ ಇದಾವಲ್ಲಪ್ಪ.”

“ಅವು ಹೊಲಿಗೆ ಮಿಷನ್ನಿನ ಕೈ.”

“ಅದೂ ಮಿಷನ್ನೇ ತಾನೆ?”

ಹಾಗಾದರೆ ಈ ಗ್ರಾಮಫೋನ್ ಒಂದನ್ನು ಹಾಡಿಸಿ ತೋರಿಸಿ, ಆಮೇಲೆ ನಾನು ಬಾಯಿ ತೆರೆಯುವುದಿಲ್ಲ ಎಂದು ಅವನು ಎದ್ದುಹೋದ. ಅದು ರಿಟೈರಾದ ಪೋಸ್ಟ್ ಮಾಸ್ತರರ ಗ್ರಾಮಫೋನು. ಮೆಕ್ಯಾನಿಕ್ಕು ಕಾಯಿಲೆ ಬೀಳುವ ಮುಂಚೆಯೇ ಅದರ ಮೋಟಾರು ಬಿಚ್ಚಿ, ಮುರಿದ ಸ್ಪ್ರಿಂಗನ್ನು ತೆಗೆದು ಗುಜರಿಗೆ ಹಾಕಿದ್ದ. ಹಾಗಾಗಿ ಆ ಸ್ಪ್ರಿಂಗು ಮೋಟಾರಿನ ದುಂಡು ಡಬ್ಬಿಯೊಳಗೆ ಯಾವ ಕಡೆ ಸುತ್ತಿಕೊಂಡಿತ್ತು ಎಂಬುದನ್ನು ಅವಳು ಕಂಡಿರಲೇ ಇಲ್ಲ.

ತರಿಸಿದ ಹೊಸ ಸ್ಪ್ರಿಂಗು ಕೈಸೇರಿದ ದಿನ ಬೆಳಗ್ಗೆ ಗಂಡನನ್ನು ಮೇಜಿನ ಆಚೆ ಬದಿ, ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದಳು. ತಾನು ಈಚೆ, ಅವನ ಸ್ಟೂಲಿನ ಮೇಲೆ ಕೂತಳು. ಇಷ್ಟು ವರ್ಷ ಅದರ ಧೂಳು ಒರೆಸಿದ್ದಳೇ ಹೊರತು ಒಂದು ದಿನವೂ ಕೂತವಳಲ್ಲ. ಡಬ್ಬಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದಳು. ಸ್ಪ್ರಿಂಗಿನ ಉಕ್ಕಿನ ಪಟ್ಟಿಯ ಹೊರತುದಿಯ ತೂತನ್ನು ಡಬ್ಬಿಯ ಮೊಳೆಗೆ ಸಿಕ್ಕಿಸಬೇಕು. ಆಮೇಲೆ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಸುತ್ತು ಸುತ್ತಾಗಿ ಒಳಗೆ ಕೂರಿಸಬೇಕು. ಕೈ ಸಡಿಲಿದರೆ ಹಾವಿನ ಹಾಗೆ ಎಗರುತ್ತದೆ.

“ರೀ, ಯಾವ ಕಡೆ ಸುತ್ತಲಿ?”

ಅವನು ಎಡಗೈ ಎತ್ತಿ ಅವಳ ಮುಖದೆದುರು ಗಾಳಿಯಲ್ಲಿ ಒಂದು ಗೋಲ ಬರೆದ. ಅವಳು ಕಂಡ ಹಾಗೆಯೇ ಸುತ್ತಿದಳು.

“ಹೀಗೇನಾ?”

“ಹೂಂ.”

ಅದು ಹೌದೋ ಅಲ್ಲವೋ ತಿಳಿಯಲು ಅವನ ಕಣ್ಣು ನೋಡಬೇಕಿತ್ತು. ಆದರೆ ಪಟ್ಟಿಯ ಮೇಲಿಂದ ಕಣ್ಣು ಕಿತ್ತರೆ ಕೈ ಸಡಿಲಾಗುತ್ತಿತ್ತು. ಹೂಂ ಹೂಂ ಎಂದು ಅವನು ಎರಡು ಸಲ ಮೇಜು ಬಡಿದ. ಹುರಿದುಂಬಿಸುತ್ತಿದ್ದಾನೆ ಎಂದುಕೊಂಡು ಅವಳು ಇನ್ನೂ ಗಟ್ಟಿಯಾಗಿ ಒತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಪೂರಾ ಸ್ಪ್ರಿಂಗು ಡಬ್ಬಿಯಲ್ಲಿ ಕೂತಿತ್ತು. ಗ್ರೀಸು ಹಚ್ಚಿ, ನಡುವೆ ಕಡ್ಡಿ ತೂರಿಸಿ, ಕೀಲಿ ತಿರುಗಿಸಿದಳು. ಕೀಲಿ ಸಲೀಸಾಗಿ ತಿರುಗಿತು. ತಿರುಗುತ್ತಲೇ ಇತ್ತು. ನೀರಿಲ್ಲದ ಬಾವಿಯ ರಾಟೆಯ ಹಾಗೆ, ಯಾವ ಬಿಗಿಯೂ ಇಲ್ಲ. ಕಡ್ಡಿಯ ಕೊಕ್ಕೆಗೆ ಸ್ಪ್ರಿಂಗಿನ ಒಳತುದಿ ಸಿಕ್ಕೇ ಇರಲಿಲ್ಲ.

ತಲೆ ಎತ್ತಿದಳು. ಅವನ ಕಣ್ಣಲ್ಲಿ ನೀರಿತ್ತು. ಅವನು ಮತ್ತೆ ಅದೇ ಗೋಲ ಬರೆದ. ಅವಳು ತನ್ನ ಕೈ ಎತ್ತಿ ಅವನ ಕೈಯ ಪಕ್ಕಕ್ಕೆ ಹಿಡಿದಳು. ಎದುರು ಕೂತವನ ಬಲ ತನಗೆ ಎಡ, ತಾನು ಸುತ್ತಿದ್ದೇ ಉಲ್ಟಾ ಎಂಬುದು ಆಗ ಹೊಳೆಯಿತು. ಬಟ್ಟೆ ಹೊಲಿಯುವವಳು, ಎದುರು ನಿಂತವರ ಅಳತೆಯನ್ನು ದಿನವೂ ತೆಗೆದವಳು! ತನ್ನ ಬುದ್ಧಿಗಿಷ್ಟು ಎಂದು ಹಣೆ ಚಚ್ಚಿಕೊಂಡಳು.

ಪೂರ್ತಿ ಬಿಚ್ಚಿ ಮೊದಲಿಂದ ಸುತ್ತದೆ ಬೇರೆ ದಾರಿ ಇರಲಿಲ್ಲ. ಅವನು ಎಡಗೈ ಆಡಿಸಿ ಬೇಡ ಬೇಡ ಎನ್ನುತ್ತಿದ್ದ. ನಾಳೆ ಮಾಡು ಎಂದಿರಬೇಕು. ಅವಳಿಗೆ ತಡೆಯಲಾಗಲಿಲ್ಲ. ಡಬ್ಬಿಯ ಮೇಲೆ ಬಟ್ಟೆ ಹೊದಿಸಿ ಒಳತುದಿಯನ್ನು ಇಕ್ಕಳದಲ್ಲಿ ಹಿಡಿದು ಎಳೆದಳು. ಒಂದು ಸುತ್ತು ಬಂತು, ಇನ್ನೊಂದು ಬಂತು. ಬೆಳಗಿನಿಂದ ಒತ್ತಿ ಮರಗಟ್ಟಿದ್ದ ಹೆಬ್ಬೆರಳು ಗ್ರೀಸಿನಲ್ಲಿ ಜಾರಿತು. ಸ್ಪ್ರಿಂಗು ಬಟ್ಟೆಯನ್ನೂ ಹೊತ್ತುಕೊಂಡು ಎಗರಿ, ಅವಳ ಮಣಿಕಟ್ಟು ಗೀರಿ, ಗೋಡೆಗೆ ಬಡಿಯಿತು. ಅವನು ಏಳಲು ಹೋಗಿ ಆಗದೆ ಕುರ್ಚಿಯಲ್ಲೇ ವಾಲಿದ. ಅವಳು ಮೊದಲು ಅವನನ್ನು ನೆಟ್ಟಗೆ ಕೂರಿಸಿದಳು, ಆಮೇಲೆ ಪಟ್ಟಿಯನ್ನು ಎತ್ತಿ ನೋಡಿದಳು. ಸರಿಯಾಗಿ ನಡುಮಧ್ಯಕ್ಕೆ ಎರಡು ತುಂಡಾಗಿತ್ತು.

ಪೋಸ್ಟ್ ಮಾಸ್ತರರು ಬಂದರು. ಅವಳ ಕಟ್ಟು ಹಾಕಿದ ಕೈ ನೋಡಿ, ಈಗ ನನಗೂ ಕಿವಿ ಅಷ್ಟಕ್ಕಷ್ಟೇ ಕಣಮ್ಮ ಎಂದು ಗ್ರಾಮಫೋನು ಹೊತ್ತುಕೊಂಡು ಹೋದರು. ಆ ವಾರವೇ ಮೈದುನ ಗೊತ್ತು ಮಾಡಿದ್ದವನು ಬಂದು ಸಾಮಾನು ಒಯ್ದ. ಸ್ಟೂಲನ್ನು ಮಾತ್ರ ಅವಳು ಕೊಡಲಿಲ್ಲ. ಅದನ್ನು ಮನೆಗೆ ತಂದು, ಗಂಡನ ಕುರ್ಚಿಯ ಎದುರಿಗಲ್ಲ, ಪಕ್ಕಕ್ಕೆ ಹಾಕಿಕೊಂಡಳು.

ಹೋದದ್ದು ಸ್ಪ್ರಿಂಗು, ಅದರ ಬೆನ್ನಿಗೇ ಅಂಗಡಿ. ಬಂದದ್ದು, ಕಲಿಯುವವರು ಕಲಿಸುವವರ ಪಕ್ಕದಲ್ಲಿ ಕೂರಬೇಕೆಂಬ ಬುದ್ಧಿ. ಅದು ಬರುವ ಹೊತ್ತಿಗೆ ಸುತ್ತುವುದಕ್ಕೆ ಏನೂ ಉಳಿದಿರಲಿಲ್ಲ.